ಮೀಟಿಂಗ್ ಮುಗಿದ ಮೇಲೆ ಬರುವ ಇಂಗ್ಲಿಷ್

ನನಗೆ ಇಂಗ್ಲಿಷ್ ತುಂಬಾ ಚೆನ್ನಾಗಿ ಬರುತ್ತಿತ್ತು. ಮೀಟಿಂಗ್ ಮುಗಿದ ಮೇಲೆ.

ಕಾಲ್ ಕಟ್ ಆಗಿ, ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಬಾಟಲಿಗೆ ನೀರು ತುಂಬಿಸಲು ಎದ್ದರೆ ಸಾಕು. ಹೇಳಬೇಕಾಗಿದ್ದ ವಾಕ್ಯಗಳೆಲ್ಲ ಒಂದರ ಹಿಂದೊಂದು ಬರುತ್ತಿದ್ದವು. ವ್ಯಾಕರಣ ಸರಿ, ಪದ ಸರಿ, ಸ್ವಲ್ಪ ತಮಾಷೆ ಕೂಡ. ಕೇಳುವವರು ಮಾತ್ರ ಯಾರೂ ಇರುತ್ತಿರಲಿಲ್ಲ.

ನನ್ನ ಕೆಲಸ ಬಿಡಿಭಾಗಗಳ ಲೆಕ್ಕ. ನಮ್ಮದು ಪಂಪ್ ತಯಾರಿಸುವ ಕಂಪನಿ. ಯಾವ ಭಾಗ ಎಷ್ಟಿದೆ, ಎಷ್ಟು ಬೇಕು, ಯಾವಾಗ ಬರುತ್ತದೆ, ಇಷ್ಟನ್ನು ನೋಡಿಕೊಳ್ಳುವುದು. ಪ್ರತಿ ಮಂಗಳವಾರ ಒಂದು ಗಂಟೆ ಕಾಲ್ ಇರುತ್ತದೆ. ಹತ್ತು ಹನ್ನೆರಡು ಜನ, ಮೂರು ದೇಶ, ಒಂದೇ ಎಕ್ಸೆಲ್ ಶೀಟು. ನಾನು ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಆಮೇಲಿನದ್ದೆಲ್ಲ ಇಂಗ್ಲಿಷ್. ಓದೋದು, ಬರೆಯೋದು ತೊಂದರೆ ಇಲ್ಲ. ಮೇಲ್‌ನಲ್ಲಿ ನಾನು ಹುಲಿ ಅಂತಲೇ ಅಂದುಕೊಂಡಿದ್ದೆ.

ಒಂದು ಮಂಗಳವಾರ ಪಂಪಿನ ಸೀಲ್ ವಿಷಯ ಬಂತು. ಸೀಲ್ ಅಂದರೆ ನೀರು ಸೋರದ ಹಾಗೆ ತಡೆಯುವ ಭಾಗ. ಚಿಕ್ಕದು, ಆದರೆ ಅದಿಲ್ಲದೆ ಪಂಪ್ ಜೋಡಿಸುವ ಹಾಗಿಲ್ಲ. ಶೀಟಿನಲ್ಲಿ ಅದರ ಮುಂದೆ ಹಸಿರು ಬಣ್ಣ ಇತ್ತು. ಅಂದರೆ ಹೇಳಿದ ದಿನಕ್ಕೆ ಬರುತ್ತದೆ ಅಂತ. ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಹಿಂದಿನ ದಿನ ಸಂಜೆಯೇ ಸಪ್ಲೈಯರ್ ಕಡೆಯವರು ಫೋನ್ ಮಾಡಿ, ಟೆಸ್ಟ್ ಮುಗಿದಿಲ್ಲ, ಎರಡು ವಾರ ತಡ ಆಗುತ್ತದೆ ಅಂದಿದ್ದರು.

ಹೇಳಬೇಕು ಅಂದುಕೊಂಡೆ. ವಾಕ್ಯ ಕಟ್ಟಲು ಕೂತೆ. 'ಹ್ಯಾಸ್ ನಾಟ್' ಅನ್ನಬೇಕಾ, 'ಡಿಡ್ ನಾಟ್' ಅನ್ನಬೇಕಾ? 'ಟೆಸ್ಟ್' ಹಿಂದೆ 'ದ' ಬರುತ್ತಾ? ಮೈಕ್ ಆನ್ ಮಾಡಿದೆ. ವಾಕ್ಯವೂ ತಯಾರಾಯಿತು. ಬಾಯಿ ತೆರೆಯುವಷ್ಟರಲ್ಲಿ ಅವರು ಮೂರು ಸಾಲು ಕೆಳಗೆ, ಬೇರಿಂಗ್ ಹತ್ತಿರ ಹೋಗಿಬಿಟ್ಟಿದ್ದರು. ಮೈಕ್ ಆಫ್ ಮಾಡಿದೆ.

ಆಮೇಲೆ ಮೇಲ್ ಹಾಕಬಹುದಿತ್ತಲ್ವಾ ಅಂತ ನೀವು ಕೇಳಬಹುದು. ಹಾಕಿದೆ. ಸಪ್ಲೈಯರ್ ಯಾವಾಗ ಫೋನ್ ಮಾಡಿದರು, ಟೆಸ್ಟ್ ಯಾಕೆ ತಡ, ಹಿಂದೆ ಹೀಗೆ ಯಾವಾಗ ಆಗಿತ್ತು, ಎಲ್ಲ ಬರೆದು, ಮೂರನೇ ಪ್ಯಾರಾದ ಕೊನೆಯಲ್ಲಿ 'ಆದ್ದರಿಂದ ಸೀಲ್ ಬರುವುದಿಲ್ಲ' ಅಂತ ಬರೆದಿದ್ದೆ. ಅಲ್ಲಿವರೆಗೆ ಯಾರೂ ಓದಲಿಲ್ಲ. ಜೋಡಣೆ ನಿಂತ ದಿನ ಮ್ಯಾನೇಜರ್ ಕೇಳಿದ್ದು ಒಂದೇ ಮಾತು: "ಆ ಮೀಟಿಂಗಿನಲ್ಲಿ ನೀವೂ ಇದ್ದಿರಲ್ವಾ?"

ಇದ್ದೆ. ಪೂರ್ತಿ ಒಂದು ಗಂಟೆ ಇದ್ದೆ.

ನನ್ನ ಇಂಗ್ಲಿಷೇ ಸರಿ ಇಲ್ಲ ಅಂತ ತೀರ್ಮಾನ ಮಾಡಿಕೊಂಡೆ. ಎಲ್ಲರೂ ಮಾಡುವುದನ್ನೇ ಮಾಡಿದೆ. ವ್ಯಾಕರಣದ ಪುಸ್ತಕ ತಂದೆ. ಬಿಟ್ಟ ಸ್ಥಳ ತುಂಬಿದೆ. ದಿನಕ್ಕೆ ಹತ್ತು ಹೊಸ ಪದ ಅಂತ ಒಂದು ಆ್ಯಪ್ ಹಾಕಿಕೊಂಡೆ. ಎರಡು ತಿಂಗಳು ಕಳೆದರೂ ಮೀಟಿಂಗಿನಲ್ಲಿ ಮೊದಲಿನಷ್ಟೇ ಸುಮ್ಮನೆ ಕೂತಿರುತ್ತಿದ್ದೆ. ನಿಜ ಹೇಳಬೇಕೆಂದರೆ ಜಾಸ್ತಿಯೇ ಸುಮ್ಮನಾದೆ. ತಪ್ಪು ಯಾವುದು ಅಂತ ಈಗ ಚೆನ್ನಾಗಿ ಗೊತ್ತಾಗುತ್ತಿತ್ತಲ್ಲ, ಹಾಗಾಗಿ ವಾಕ್ಯ ತಿದ್ದಲು ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಕಣ್ಣು ತೆರೆಸಿದ್ದು ರೆಕಾರ್ಡಿಂಗ್. ನಮ್ಮ ಕಾಲ್‌ಗಳು ರೆಕಾರ್ಡ್ ಆಗುತ್ತವೆ. ಒಂದು ಭಾನುವಾರ ಕೂತು ಹಳೆಯ ಮೂರು ಮೀಟಿಂಗ್ ಕೇಳಿದೆ. ಈ ಸಲ ವಿಷಯ ಕೇಳಲಿಲ್ಲ, ಜನ ಹೇಗೆ ಮಾತಾಡುತ್ತಾರೆ ಅಂತ ಮಾತ್ರ ಕೇಳಿದೆ. ಹುಟ್ಟಿನಿಂದ ಇಂಗ್ಲಿಷ್ ಆಡುವವರದ್ದೂ ಸೇರಿ, ಪೂರ್ತಿಯಾದ ವಾಕ್ಯ ಒಂದೂ ಇಲ್ಲ! ಶುರು ಮಾಡುತ್ತಾರೆ, ಅರ್ಧಕ್ಕೆ ಬಿಡುತ್ತಾರೆ, 'ಐ ಮೀನ್' ಅನ್ನುತ್ತಾರೆ, ಮತ್ತೆ ಶುರು ಮಾಡುತ್ತಾರೆ. ಒಬ್ಬರು 'ದ ಥಿಂಗ್ ಈಸ್' ಅಂತ ಹೇಳಿ ಎರಡು ಸೆಕೆಂಡು ಸುಮ್ಮನಿದ್ದರು. ಆ ಎರಡು ಸೆಕೆಂಡಿನಲ್ಲಿ ಯಾರೂ ಬಾಯಿ ಹಾಕಲಿಲ್ಲ. ಯಾಕಂದರೆ ಅವರು ಆಗಲೇ ಮಾತು ಶುರು ಮಾಡಿ ಆಗಿತ್ತು. ಜಾಗ ಹಿಡಿದಾಗಿತ್ತು.

ನಾನು ಮಾಡುತ್ತಿದ್ದದ್ದು ಇದರ ಉಲ್ಟಾ. ಮೊದಲು ವಾಕ್ಯ, ಆಮೇಲೆ ಜಾಗ. ಜಾಗ ಖಾಲಿ ಇರುವುದಾದರೂ ಎಷ್ಟು ಹೊತ್ತು?

ಈ ಪ್ರಶ್ನೆಗೆ ಭಾಷಾತಜ್ಞರು ಲೆಕ್ಕ ಹಾಕಿದ್ದಾರೆ ಅಂತ ಆಮೇಲೆ ಓದಿದೆ. ಹತ್ತು ಭಾಷೆಗಳ ಮಾತುಕತೆಯನ್ನು ಅಳೆದು 2009ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಒಬ್ಬರು ಪ್ರಶ್ನೆ ಕೇಳಿ ಮುಗಿಸಿ ಇನ್ನೊಬ್ಬರು ಉತ್ತರ ಶುರು ಮಾಡುವ ನಡುವೆ ಸರಾಸರಿ ಸುಮಾರು 200 ಮಿಲಿಸೆಕೆಂಡು ಅಂತರ. ಸೆಕೆಂಡಿನ ಐದನೇ ಒಂದು ಭಾಗ. ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು. ಭಾಷೆಯಿಂದ ಭಾಷೆಗೆ ವ್ಯತ್ಯಾಸ ಇದೆ, ಆದರೆ ಅದೂ ಸರಾಸರಿಯಿಂದ ಆಚೀಚೆ ಕಾಲು ಸೆಕೆಂಡಿನಷ್ಟೇ. ಇನ್ನೊಂದು ಲೆಕ್ಕವೂ ಇದೆ. ಒಂದು ಚಿತ್ರ ತೋರಿಸಿ ಅದರ ಹೆಸರು ಹೇಳಿ ಅಂದರೆ, ತಾಯ್ನುಡಿಯಲ್ಲೇ, ಬಾಯಿಂದ ಪದ ಹೊರಡಲು ಸುಮಾರು 600 ಮಿಲಿಸೆಕೆಂಡು ಬೇಕು. ಬರೀ ಒಂದು ಪದಕ್ಕೆ! ಹಾಗಾದರೆ ಜನ 200ರಲ್ಲಿ ಹೇಗೆ ಶುರು ಮಾಡುತ್ತಾರೆ? ಎದುರಿನವರು ಮಾತಾಡುತ್ತಿರುವಾಗಲೇ ಇವರು ತಯಾರಾಗುತ್ತಿರುತ್ತಾರೆ. ಎರಡನೇ ಭಾಷೆಯಲ್ಲಿ ಕೇಳುವುದಕ್ಕೇ ತಲೆ ಪೂರ್ತಿ ಬೇಕು. ಕೇಳುತ್ತಾ ತಯಾರಾಗಲು ಉಳಿದ ತಲೆ ಎಲ್ಲಿಂದ ತರೋದು?

ಇದನ್ನು ಓದಿದ ದಿನ ಸ್ವಲ್ಪ ಹಗುರಾಯಿತು. ನನ್ನದು ದಡ್ಡತನ ಅಲ್ಲ, ಹೊತ್ತಿನ ಲೆಕ್ಕ. ಹೊತ್ತಿನ ಲೆಕ್ಕ ನನ್ನ ಕಸುಬು ತಾನೇ?

ಆದರೆ ಇದರ ಇನ್ನರ್ಧ ಹೇಳಿಕೊಟ್ಟದ್ದು ನನ್ನ ಅಕ್ಕ. ಅವಳ ಕೆಲಸಕ್ಕೂ ಇಂಗ್ಲಿಷಿಗೂ ಸಂಬಂಧವೇ ಇಲ್ಲ.

ದಿನಾ ಒಂದು ನಿಮಿಷ ಫೋನಿನಲ್ಲಿ ಇಂಗ್ಲಿಷ್ ಮಾತಾಡಿ ರೆಕಾರ್ಡ್ ಮಾಡಿಕೊಳ್ಳುವ ಅಭ್ಯಾಸ ಶುರು ಮಾಡಿದ್ದೆ. ಅವತ್ತಿನ ಕೆಲಸದ ಒಂದು ವಿಷಯ, ಒಂದು ನಿಮಿಷ. ಅಕ್ಕ ಒಮ್ಮೆ ಪಕ್ಕದಲ್ಲಿ ಕೂತು ಕೇಳಿಸಿಕೊಂಡಳು. ಮುಗಿದ ಮೇಲೆ "ಏನಾಯ್ತಂತೆ ಕೊನೆಗೆ?" ಅಂದಳು.

"ಸೀಲ್ ಬರಲ್ಲ ಅಂತ. ಹೇಳಿದ್ನಲ್ಲ."

"ಎಲ್ಲೇ ಹೇಳಿದೆ? ಆ ಸಪ್ಲೈಯರ್ ಫೋನ್ ಮಾಡಿದ, ಟೆಸ್ಟ್ ಆಗಿಲ್ಲ, ಮಿಷನ್ ಕೆಟ್ಟಿತ್ತು ಅಂತೆಲ್ಲ ಹೇಳ್ತಾ ಇದ್ದೆ. ಅಷ್ಟರಲ್ಲಿ ನಿಮಿಷ ಮುಗೀತು."

ಮತ್ತೆ ಹಾಕಿ ಕೇಳಿದೆ. ನಿಜ. ಸೀಲ್ ಬರುವುದಿಲ್ಲ ಅನ್ನುವ ಮಾತು ಐವತ್ತೇಳನೇ ಸೆಕೆಂಡಿನಲ್ಲಿ, ಉಸಿರು ಮುಗಿಯುವ ಹೊತ್ತಿಗೆ, ಅರ್ಧ ಮಾತ್ರ ಬಂದಿತ್ತು.

"ನೀನು ಕನ್ನಡದಲ್ಲೂ ಹೀಗೇ ಕಣೇ," ಅಂದಳು ಅಕ್ಕ. "ಇಂಗ್ಲಿಷ್ ಮೇಲೆ ಯಾಕೆ ಗೂಬೆ ಕೂರಿಸ್ತೀಯಾ?"

ರಾತ್ರಿ ಮಲಗಿದ ಮೇಲೂ ಇದು ತಲೆಯಲ್ಲಿ ಸುತ್ತುತ್ತಿತ್ತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಅಂತ ಶಾಲೆಯಲ್ಲೇ ಕಲಿತಿದ್ದೇವೆ. ಕರ್ತೃ, ಕರ್ಮ, ಕ್ರಿಯೆ. ಅದರಿಂದ ಏನಾಗುತ್ತದೆ ಅಂತ ಯೋಚಿಸಿರಲಿಲ್ಲ. 'ನಿನ್ನೆ ಫೋನ್ ಮಾಡಿದ ಸಪ್ಲೈಯರ್ ಹೇಳಿದ ಪ್ರಕಾರ ಟೆಸ್ಟ್ ಇನ್ನೂ ಮುಗಿಯದೆ ಇರೋದರಿಂದ ಸೀಲ್ ಈ ವಾರ' ಅಂತ ನಾನು ಹೇಳುತ್ತಿದ್ದರೆ, ಕೇಳುವವರಿಗೆ ಇನ್ನೂ ಗೊತ್ತಿಲ್ಲ, ಬರುತ್ತಾ, ಬರಲ್ವಾ ಅಂತ. 'ಇಲ್ಲ' ಅನ್ನುವ ಪದ ಕೂಡ ನಮ್ಮಲ್ಲಿ ಕೊನೆಗೇ ಬರೋದು. ಆದರೆ ಕನ್ನಡ ಕೇಳುವವರಿಗೆ ಅದು ಗೊತ್ತು. ಕೊನೆಯಲ್ಲಿ ಏನೋ ಇದೆ ಅಂತ ಕಾಯುತ್ತಾರೆ. ಹೋಗಿ, ನೋಡಿ, ವಿಚಾರಿಸಿ, ಬಂದು ಅಂತ ಎಷ್ಟು ಎಳೆದರೂ ಕಾಯುತ್ತಾರೆ.

ಇಂಗ್ಲಿಷ್ ಕೇಳುವವರು ಕಾಯುವುದಿಲ್ಲ. ಅವರ ಭಾಷೆ ಅವರಿಗೆ ಹಾಗೆ ಕಲಿಸಿಲ್ಲ. ಯಾರು, ಏನು ಮಾಡಿದರು, ಅಥವಾ ಮಾಡಲಿಲ್ಲ, ಇದೆಲ್ಲ ಮೊದಲ ನಾಲ್ಕೈದು ಪದಗಳಲ್ಲೇ ಸಿಗಬೇಕು. ಸಿಗದಿದ್ದರೆ ಇವರಿಗೆ ಹೇಳಲು ಏನೂ ಇಲ್ಲ ಅಂದುಕೊಂಡು ಮುಂದೆ ಹೋಗುತ್ತಾರೆ. ನಾನು ಇಂಗ್ಲಿಷ್ ಪದಗಳನ್ನು ಕನ್ನಡದ ಸಾಲಿನಲ್ಲಿ ನಿಲ್ಲಿಸಿ, ಕನ್ನಡದ ಕಿವಿ ಇಲ್ಲದವರ ಮುಂದೆ ಮಾತಾಡುತ್ತಿದ್ದೆ.

ಅವತ್ತಿಂದ ಅಭ್ಯಾಸ ಬದಲಾಯಿಸಿದೆ. ಪ್ರತಿ ಮಂಗಳವಾರ ಬೆಳಗ್ಗೆ ಒಂದು ಚೀಟಿ. ಅದರಲ್ಲಿ ಒಂದೇ ಸಾಲು, ಆರು ಪದಕ್ಕಿಂತ ಜಾಸ್ತಿ ಇರಬಾರದು. 'ದ ಸೀಲ್ಸ್ ವಿಲ್ ಬಿ ಲೇಟ್.' ಅಷ್ಟೇ. ಕಾರಣ ಬರೆಯಬಾರದು. ಕಾರಣ ಬೇಕಿದ್ದರೆ ಅವರೇ ಕೇಳುತ್ತಾರೆ, ಆಗ ಹೇಳಿದರಾಯಿತು. ಮೊದಮೊದಲು ತುಂಬಾ ಒರಟು ಅನ್ನಿಸುತ್ತಿತ್ತು. ಪೀಠಿಕೆಯೇ ಇಲ್ಲದೆ ಹೀಗೆ ದಬಕ್ಕನೆ ಹೇಳಿಬಿಡೋದಾ? ಮನೆಗೆ ಬಂದವರನ್ನು ಕೂತ್ಕೊಳ್ಳಿ ಅನ್ನದೆ ಬಂದ ಕಾರಣ ಕೇಳಿದ ಹಾಗೆ. ಆದರೆ ಪರಿಣಾಮ ಬೇರೆಯೇ ಇತ್ತು. ಆ ಒಂದು ಸಾಲು ಬಿದ್ದ ತಕ್ಷಣ ಯಾರಾದರೂ 'ವೈ?' ಅನ್ನುತ್ತಿದ್ದರು. ಪ್ರಶ್ನೆ ಬಂತು ಅಂದರೆ ಜಾಗ ನನ್ನದು. ಇನ್ನು ನಿಧಾನವಾಗಿ, ತಡವರಿಸಿಕೊಂಡು ಹೇಳಿದರೂ ಕಾಯುತ್ತಾರೆ. ನನಗೆ ಬೇಕಾಗಿದ್ದ ಹೊತ್ತನ್ನು ಅವರ ಪ್ರಶ್ನೆಯೇ ಕೊಡುತ್ತಿತ್ತು.

ಜಾಗಕ್ಕೆ ನುಗ್ಗುವುದು ಬೇರೆಯದೇ ಕಲೆ. ಅದಕ್ಕೆ ಬಾಯಿಪಾಠ ಮಾಡಿದ ಸಾಲುಗಳು ಬೇಕು, ಯೋಚಿಸದೆ ಬರುವಂಥವು. ರೆಕಾರ್ಡಿಂಗ್‌ಗಳಿಂದಲೇ ಆರಿಸಿಕೊಂಡೆ. 'ಕ್ಯಾನ್ ಐ ಕಮ್ ಇನ್ ಹಿಯರ್', 'ಬಿಫೋರ್ ವಿ ಮೂವ್ ಆನ್', 'ಒನ್ ಥಿಂಗ್ ಆನ್ ದ ಸೀಲ್ಸ್'. ಸ್ನಾನ ಮಾಡುವಾಗ, ನಡೆಯುವಾಗ ಹೇಳಿಕೊಂಡು ಓಡಾಡಿದೆ. ಮೊದಲ ಸಲ 'ಕ್ಯಾನ್ ಐ ಕಮ್ ಇನ್ ಹಿಯರ್' ಅಂದಾಗ ಏನಾಯಿತು ಅಂದರೆ, ಎಲ್ಲರೂ ಸುಮ್ಮನಾದರು. ಹನ್ನೊಂದು ಜನ. ನಾನು ಅದನ್ನು ನಿರೀಕ್ಷೆಯೇ ಮಾಡಿರಲಿಲ್ಲ. ಬಾಗಿಲು ತಳ್ಳುತ್ತಿರುವಾಗ ಒಳಗಿನಿಂದ ಯಾರೋ ತೆಗೆದರೆ ಮುಗ್ಗರಿಸುತ್ತೇವಲ್ಲ, ಹಾಗಾಯಿತು. ಹೇಳಬೇಕಾದದ್ದೇ ಮರೆತುಹೋಯಿತು. 'ಸಾರಿ, ನಥಿಂಗ್' ಅಂದುಬಿಟ್ಟೆ. ಅವತ್ತು ಸಂಜೆಯವರೆಗೂ ಕಿವಿ ಬಿಸಿಯಾಗಿಯೇ ಇತ್ತು.

ಆ ಮೂರರಲ್ಲಿ ಕೊನೆಗೆ ಕೈಹಿಡಿದದ್ದು 'ಒನ್ ಥಿಂಗ್ ಆನ್ ದ ಸೀಲ್ಸ್'. ಅನುಮತಿ ಕೇಳುವುದಿಲ್ಲ, ವಿಷಯದ ಹೆಸರು ಅದರಲ್ಲೇ ಇರುತ್ತದೆ, ಮರೆಯುವ ಹಾಗೂ ಇಲ್ಲ. ಇನ್ನೊಂದು ಉಪಾಯ ಅಂದರೆ ಮೊದಲ ಐದು ನಿಮಿಷದಲ್ಲೇ ಏನಾದರೂ ಮಾತಾಡಿಬಿಡುವುದು. ಧ್ವನಿ ಕೇಳಿಸ್ತಾ ಇದೆಯಾ, ಶೀಟು ಹೊಸದಾ ಹಳೆಯದಾ, ಏನಾದರೂ ಸರಿ. ಒಮ್ಮೆ ಬಾಯಿ ತೆರೆದರೆ ಎರಡನೇ ಸಲ ಅಷ್ಟು ಭಾರ ಅನ್ನಿಸುವುದಿಲ್ಲ. ಮುಕ್ಕಾಲು ಗಂಟೆ ಸುಮ್ಮನಿದ್ದು ಆಮೇಲೆ ಮಾತಾಡಲು ಹೋದರೆ ಗಂಟಲಿನಿಂದ ಬರುವುದು ಬರೀ ಗೊರಗೊರ.

ಮ್ಯಾನೇಜರ್ ಹತ್ತಿರವೂ ಒಂದು ಮಾತು ಕೇಳಿದೆ. "ನನ್ನ ಐಟಂಗಳನ್ನ ಪಟ್ಟಿಯಲ್ಲಿ ಮೇಲೆ ಹಾಕ್ತೀರಾ? ಕೊನೆಗೆ ಬಂದರೆ ಹೊತ್ತು ಇರಲ್ಲ." ಯಾಕೆ ಅಂತ ಪೂರ್ತಿ ಹೇಳಲಿಲ್ಲ. ಅವರು ಹಾಕಿದರು. ಇಷ್ಟು ಸುಲಭದ್ದನ್ನು ಕೇಳಲು ನನಗೆ ಮೂರು ವರ್ಷ ಬೇಕಾಯಿತು.

ಇಷ್ಟರ ಹೊತ್ತಿಗೆ ಸ್ವಲ್ಪ ಧೈರ್ಯ ಬಂದಿತ್ತು. ಧೈರ್ಯದ ಜೊತೆಗೆ ವೇಗವೂ ಬಂತು. ಅಲ್ಲೇ ಎಡವಿದೆ.

ಒಂದು ಕಾಲ್‌ನಲ್ಲಿ ಆ ಕಡೆಯವರು ಎಷ್ಟು ಪೆಟ್ಟಿಗೆ ಕಳಿಸಲಿ ಅಂತ ಕೇಳಿದರು. ನಾನು ಪಟಕ್ಕನೆ 'ಫಿಫ್ಟೀನ್' ಅಂದೆ. ಹದಿನೈದು. ಅವರು 'ಓಕೆ' ಅಂದರು. ಬಂದದ್ದು ಐವತ್ತು. ಉಗ್ರಾಣದವರು ಫೋನ್ ಮಾಡಿ, "ಮೇಡಂ, ಇಷ್ಟನ್ನ ಎಲ್ಲಿ ಇಡೋದು ಹೇಳಿ" ಅಂದಾಗಲೇ ನನಗೆ ಗೊತ್ತಾದದ್ದು.

ರೆಕಾರ್ಡಿಂಗ್ ಹಾಕಿ ಕೇಳಿದೆ. ನಾನು 'ಫಿಫ್ಟೀನ್' ಅಂತಲೇ ಹೇಳಿದ್ದೇನೆ. ನನ್ನ ಕಿವಿಗೆ ಸ್ಪಷ್ಟವಾಗಿದೆ. ಆದರೆ ಇಂಗ್ಲಿಷ್ ಕಿವಿ ಇವೆರಡನ್ನು ಬೇರೆ ಮಾಡುವುದು ಕೊನೆಯ 'ನ್' ಇಂದ ಮಾತ್ರ ಅಲ್ಲ, ಒತ್ತು ಎಲ್ಲಿ ಬೀಳುತ್ತದೆ ಅನ್ನುವುದರಿಂದ. ಹದಿನೈದಕ್ಕೆ 'ಟೀನ್' ಮೇಲೆ ಒತ್ತು, ಐವತ್ತಕ್ಕೆ 'ಫಿಫ್' ಮೇಲೆ. ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗುವುದಿಲ್ಲ. ಹಾಗಾಗಿ ನಾವು ಅದರ ಕಡೆ ಗಮನವನ್ನೇ ಕೊಡುವುದಿಲ್ಲ. ನಾನು 'ಫಿಫ್' ಮೇಲೆ ಬಲ ಹಾಕಿ, 'ಟೀನ್' ಅನ್ನು ನುಂಗಿ ಹೇಳಿದ್ದೆ.

ಆಮೇಲೆ ಹುಡುಕುತ್ತಾ ಹೋದರೆ ಇಂಥವು ಇನ್ನೂ ಸಿಕ್ಕವು. ದಿನಕ್ಕೆ ಇಪ್ಪತ್ತು ಸಲ ಹೇಳುವ 'ಇನ್ವೆಂಟರಿ'. ನಾನು 'ವೆಂ' ಮೇಲೆ ಒತ್ತುತ್ತಿದ್ದೆ. ಒತ್ತು ಬೀಳಬೇಕಾದದ್ದು ಮೊದಲ 'ಇನ್' ಮೇಲೆ. ಅವರು ಆಗಾಗ 'ಸಾರಿ?' ಅನ್ನುತ್ತಿದ್ದದ್ದು ಇದಕ್ಕೇ ಅಂತ ಕಾಣುತ್ತದೆ. ನಾನೋ, ವ್ಯಾಕರಣ ತಪ್ಪಾಯಿತೇನೋ ಅಂತ ಪೂರ್ತಿ ವಾಕ್ಯವನ್ನೇ ತಿದ್ದಿ ಮತ್ತೆ ಹೇಳುತ್ತಿದ್ದೆ. ಉಚ್ಚಾರಣೆ ಪೂರ್ತಿ ಬದಲಾಯಿಸಲು ಹೋಗಲಿಲ್ಲ, ಅದು ಆಗುವ ಮಾತೂ ಅಲ್ಲ. ನನ್ನ ಕೆಲಸದಲ್ಲಿ ಮತ್ತೆ ಮತ್ತೆ ಬರುವ ಮೂವತ್ತು ಪದ ಬರೆದುಕೊಂಡೆ. ಡಿಕ್ಷನರಿಯಲ್ಲಿ ಒತ್ತಿನ ಗುರುತು ನೋಡಿ ಆ ಮೂವತ್ತನ್ನು ಮಾತ್ರ ಸರಿ ಮಾಡಿಕೊಂಡೆ. ನನ್ನ ಮಾತಿನ ದಾಟಿ ಕೇಳಿದರೆ ಕನ್ನಡದವಳು ಅಂತ ಈಗಲೂ ಒಂದೇ ಸಾಲಿಗೆ ಗೊತ್ತಾಗುತ್ತದೆ. ಗೊತ್ತಾಗಲಿ ಬಿಡಿ.

ಸಂಖ್ಯೆಗಳಿಗೆ ದಾರಿ ಸಿಕ್ಕಿದ್ದು ವಿಮಾನದವರಿಂದ. ಅವರು ರೇಡಿಯೋದಲ್ಲಿ ಅಂಕಿಗಳನ್ನು ಬಿಡಿಸಿ ಹೇಳುತ್ತಾರೆ. 'ನೈನ್' ಅನ್ನದೆ 'ನೈನರ್' ಅನ್ನುತ್ತಾರೆ, 'ಫೈವ್' ಅನ್ನದೆ 'ಫೈಫ್'. ಕೇಳಿದವರು ಕೇಳಿದ್ದನ್ನು ತಿರುಗಿ ಹೇಳಲೇಬೇಕು. ಇದರ ಬಗ್ಗೆ ಓದುತ್ತಾ ಹೋದಾಗ ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ದುರಂತದ ವಿಷಯ ಸಿಕ್ಕಿತು. 1977ರ ಮಾರ್ಚ್ 27. ಮಂಜು ಮುಸುಕಿದ ರನ್‌ವೇ ಮೇಲೆ ಎರಡು ಬೋಯಿಂಗ್ 747 ಡಿಕ್ಕಿ ಹೊಡೆದು 583 ಜನ ಸತ್ತರು. ಕಾರಣ ಹಲವು. ಅವುಗಳಲ್ಲಿ ಮಾತೂ ಒಂದು. ಡಚ್ ವಿಮಾನದ ಸಹಪೈಲಟ್ 'ವಿ ಆರ್ ನೌ ಅಟ್ ಟೇಕಾಫ್' ಅಂದರು. ಹೊರಟಿದ್ದೇವೆ ಅಂತಲೂ ಆಗುತ್ತದೆ, ಹೊರಡುವ ಜಾಗದಲ್ಲಿದ್ದೇವೆ ಅಂತಲೂ ಆಗುತ್ತದೆ. ಸ್ಪೇನ್‌ನ ಕಂಟ್ರೋಲರ್ 'ಓಕೆ' ಅಂದರು. ಕಾಯಿರಿ ಅಂತ ಅವರು ಆಮೇಲೆ ಹೇಳಿದ್ದು, ಇನ್ನೊಂದು ವಿಮಾನದವರೂ ಅದೇ ಕ್ಷಣ ಮಾತಾಡಿದ್ದರಿಂದ ಸರಿಯಾಗಿ ಕೇಳಿಸಲಿಲ್ಲ. ಆ ಸಹಪೈಲಟ್, ಆ ಕಂಟ್ರೋಲರ್, ಇಬ್ಬರಿಗೂ ಇಂಗ್ಲಿಷ್ ತಾಯ್ನುಡಿ ಅಲ್ಲ. ಇಬ್ಬರೂ ವರ್ಷಗಟ್ಟಲೆ ಅದರಲ್ಲೇ ಕೆಲಸ ಮಾಡಿದವರು. ಅದಾದ ಮೇಲೆ 'ಟೇಕಾಫ್' ಅನ್ನುವ ಪದವನ್ನು ಹಾರಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಬಿಟ್ಟು ಬೇರೆ ಕಡೆ ಬಳಸಬಾರದು, ಬರೀ 'ಓಕೆ' ಸಾಲದು, ತಿರುಗಿ ಹೇಳಬೇಕು ಅನ್ನುವ ಕಟ್ಟುನಿಟ್ಟು ಬಂತು.

ನನ್ನದು ಪೆಟ್ಟಿಗೆಗಳ ಲೆಕ್ಕ, ಯಾರ ಪ್ರಾಣದ ಪ್ರಶ್ನೆಯೂ ಇಲ್ಲ. ಆದರೂ ನಿಯಮ ತೆಗೆದುಕೊಂಡೆ. ಈಗ 'ಫಿಫ್ಟೀನ್, ಒನ್ ಫೈವ್' ಅನ್ನುತ್ತೇನೆ. ಅವರು ಏನೇ ಹೇಳಿದರೂ 'ಸೋ, ಯು ಶಿಪ್ ಒನ್ ಫೈವ್ ಬಾಕ್ಸಸ್ ಆನ್ ಥರ್ಸ್‌ಡೇ' ಅಂತ ತಿರುಗಿ ಹೇಳುತ್ತೇನೆ. ಅರ್ಥವಾಗದಾಗಲೂ ಇದೇ. ಮೊದಲೆಲ್ಲ 'ಸಾರಿ, ಕ್ಯಾನ್ ಯು ರಿಪೀಟ್' ಅನ್ನುತ್ತಿದ್ದೆ. ಅವರು ಅದೇ ವೇಗದಲ್ಲಿ, ಅದೇ ಪದಗಳನ್ನು, ಸ್ವಲ್ಪ ಜೋರಾಗಿ ಹೇಳುತ್ತಿದ್ದರು. ಕಿವುಡಿ ಅಂದುಕೊಂಡರೋ ಏನೋ! ಈಗ ನನಗೆ ಅರ್ಥವಾದಷ್ಟನ್ನು ಹೇಳಿ, ಅಲ್ಲಿಂದ ಮುಂದೆ ಏನು ಅಂತ ಕೇಳುತ್ತೇನೆ. ಅವರು ಬಿಟ್ಟುಹೋದ ತುಂಡನ್ನು ಮಾತ್ರ ಬೇರೆ ಪದಗಳಲ್ಲಿ ಹೇಳುತ್ತಾರೆ. ಇನ್ನೊಂದು ವಿಚಿತ್ರ ಅಂದರೆ, ಹೀಗೆ ತಿರುಗಿ ಹೇಳುವವಳನ್ನು ಜನ ಇಂಗ್ಲಿಷ್ ಬಾರದವಳು ಅಂದುಕೊಳ್ಳುವುದಿಲ್ಲ, ಹುಷಾರಿ ಅಂದುಕೊಳ್ಳುತ್ತಾರೆ.

ಹೂಂಗುಟ್ಟುವ ಚಟ ಬಿಡಿಸಿಕೊಳ್ಳಲು ಇನ್ನೂ ಕಷ್ಟಪಟ್ಟೆ. ಯಾರಾದರೂ ಮಾತಾಡುತ್ತಿದ್ದರೆ ನಾವು 'ಹೂಂ, ಹೂಂ' ಅನ್ನುತ್ತಿರುತ್ತೇವಲ್ಲ. ಕೇಳಿಸ್ತಾ ಇದೆ, ಮುಂದೆ ಹೇಳಿ ಅಂತ ಅದರ ಅರ್ಥ. ನಾನು ಅದನ್ನೇ 'ಯೆಸ್, ಯೆಸ್' ಮಾಡಿಕೊಂಡಿದ್ದೆ. ಒಬ್ಬರು 'ಸೋ ವಿ ಗೆಟ್ ಇಟ್ ಬೈ ಫ್ರೈಡೇ' ಅಂತ ಹೇಳುತ್ತಾ ಹೋಗುತ್ತಿದ್ದರು, ನಾನು 'ಯೆಸ್, ಯೆಸ್' ಅನ್ನುತ್ತಿದ್ದೆ. ಶನಿವಾರ ಬೆಳಗ್ಗೆ ಮೇಲ್ ಬಂತು, ಒಪ್ಪಿಕೊಂಡಿದ್ದಿರಲ್ಲ, ಎಲ್ಲಿ ಅಂತ. ಈಗ ಬಾಯಿ ಮುಚ್ಚಿಕೊಂಡು ಬರೀ 'ಮ್' ಅನ್ನುತ್ತೇನೆ. ಅದು ಎಲ್ಲ ಭಾಷೆಗೂ ಸಲ್ಲುತ್ತದೆ.

'ಡೌಟ್' ಕೂಡ ಹಾಗೇ. ನಮಗೆ ಡೌಟ್ ಅಂದರೆ ಪ್ರಶ್ನೆ. 'ಐ ಹ್ಯಾವ್ ಎ ಡೌಟ್ ಅಬೌಟ್ ಯುವರ್ ನಂಬರ್ಸ್' ಅಂದೆ. ಆ ಕಡೆ ಮುಖ ಬಿಗಿಯಾಯಿತು. ಅವರ ಲೆಕ್ಕದ ಮೇಲೆ ನನಗೆ ನಂಬಿಕೆ ಇಲ್ಲ ಅಂತ ಅವರಿಗೆ ಕೇಳಿಸಿತ್ತು. ಇದಕ್ಕೆ ಬೇಜಾರು ಮಾಡಿಕೊಂಡಿದ್ದಾಗ ಒಂದು ಹಳೆಯ ಪ್ರಸಂಗ ಓದಿ ನಗು ಬಂತು. ಎರಡನೇ ಮಹಾಯುದ್ಧದ ನೆನಪುಗಳಲ್ಲಿ ಚರ್ಚಿಲ್ ಬರೆದುಕೊಂಡದ್ದು. ಬ್ರಿಟಿಷ್ ಮತ್ತು ಅಮೆರಿಕನ್ ಅಧಿಕಾರಿಗಳ ಸಭೆಯಲ್ಲಿ 'ಟೇಬಲ್' ಅನ್ನುವ ಒಂದು ಪದಕ್ಕೆ ದೊಡ್ಡ ಜಗಳ. ಬ್ರಿಟಿಷರಿಗೆ ಅದರ ಅರ್ಥ ವಿಷಯವನ್ನು ಈಗಲೇ ಚರ್ಚೆಗೆ ತನ್ನಿ. ಅಮೆರಿಕನ್ನರಿಗೆ, ಸದ್ಯಕ್ಕೆ ಬದಿಗಿಡಿ. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ. ಇಂಗ್ಲಿಷಿನವರೇ ಹೀಗೆ ಕಿತ್ತಾಡಿದ್ದಾರೆ ಅಂದಮೇಲೆ ನನ್ನ 'ಡೌಟ್' ಯಾವ ಲೆಕ್ಕ?

ಎಲ್ಲ ಸಲೀಸಾಯಿತು ಅಂತ ಅಂದುಕೊಳ್ಳಬೇಡಿ. ಅರ್ಧ ವರ್ಷ ಆದಮೇಲೆ ದೊಡ್ಡ ಮೀಟಿಂಗ್ ಒಂದರಲ್ಲಿ ಹತ್ತು ನಿಮಿಷ ಮಾತಾಡಲು ಕೊಟ್ಟರು. ನಾನು ಹತ್ತು ನಿಮಿಷದ್ದನ್ನು ಆರು ನಿಮಿಷದಲ್ಲಿ ಮುಗಿಸಿದೆ. ತಡವರಿಸಲಿಲ್ಲ, ನಿಲ್ಲಲಿಲ್ಲ. ಚೆನ್ನಾಗಿ ಆಯಿತು ಅಂತ ಬೀಗುತ್ತಾ ಕೂತಿದ್ದೆ. ಬೇರೆ ದೇಶದ ಒಬ್ಬ ಸಹೋದ್ಯೋಗಿಯಿಂದ ಮೆಸೇಜ್ ಬಂತು. ಅವರಿಗೂ ಇಂಗ್ಲಿಷ್ ಎರಡನೇ ಭಾಷೆಯೇ. 'ನಿಮ್ಮ ಮಾತು ನನಗೆ ಅರ್ಧ ಸಿಗಲಿಲ್ಲ. ಮುಂದಿನ ಸಲ ಸ್ವಲ್ಪ ನಿಧಾನಕ್ಕೆ ಹೇಳ್ತೀರಾ? ಎಲ್ಲರ ಎದುರು ಕೇಳೋಕೆ ಸಂಕೋಚ ಆಯ್ತು' ಅನ್ನುವ ಅರ್ಥದಲ್ಲಿ ಬರೆದಿದ್ದರು.

ಆ ಮೆಸೇಜ್ ಎಷ್ಟು ಸಲ ಓದಿದೆನೋ. ಇಷ್ಟು ದಿನ ಯಾರ ವೇಗಕ್ಕೆ ಹೆದರಿ ಕೂತಿದ್ದೆನೋ, ಆ ವೇಗವನ್ನೇ ಕಲಿತು ಇನ್ನೊಬ್ಬರ ಮೇಲೆ ಹಾಯಿಸಿದ್ದೆ. ಅವರಿಗೆ ಸ್ಲೈಡುಗಳ ಜೊತೆ ಪ್ರತಿಯೊಂದಕ್ಕೂ ಒಂದೊಂದು ಸಾಲು ಬರೆದು ಕಳಿಸಿದೆ. ಆ ಸಾಲುಗಳನ್ನು ಬರೆಯುವಾಗ, ಮೀಟಿಂಗಿನಲ್ಲಿ ಇಷ್ಟೇ ಹೇಳಿದ್ದರೂ ಸಾಕಿತ್ತಲ್ವಾ ಅನ್ನಿಸಿತು. ಈಗ ಒಂದು ವಿಷಯ ಹೇಳಿ ಮನಸ್ಸಿನಲ್ಲೇ ಎರಡು ಎಣಿಸುತ್ತೇನೆ. ಮೊದಮೊದಲು ಆ ಎರಡು ಎಣಿಕೆ ಎರಡು ಯುಗದ ಹಾಗಿರುತ್ತಿತ್ತು. ರೆಕಾರ್ಡಿಂಗಿನಲ್ಲಿ ಕೇಳಿದರೆ ಅದು ಇದ್ದದ್ದೇ ಗೊತ್ತಾಗುವುದಿಲ್ಲ.

ಎದೆ ಈಗಲೂ ಬಡಿದುಕೊಳ್ಳುತ್ತದೆ. ಮಂಗಳವಾರ ಬೆಳಗ್ಗೆ ಚೀಟಿ ಈಗಲೂ ಬರೆಯುತ್ತೇನೆ. ಅದರ ಮೇಲಿನ ಸಾಲಿನಲ್ಲಿ ಆಗೀಗ 'ದ' ಬಿಟ್ಟುಹೋಗಿರುತ್ತದೆ, ಹಾಗೇ ಓದುತ್ತೇನೆ, ಯಾರೂ ಇವತ್ತಿನವರೆಗೆ ಏನೂ ಅಂದಿಲ್ಲ. ಹೋದ ವಾರ ಶೀಟಿನಲ್ಲಿ ಒಂದು ಬೇರಿಂಗ್ ಹಸಿರಾಗಿತ್ತು. 'ಒನ್ ಥಿಂಗ್ ಆನ್ ದ ಬೇರಿಂಗ್ಸ್. ದೇ ವಿಲ್ ಬಿ ಲೇಟ್' ಅಂದೆ. 'ವೈ?' ಅಂದರು. ಹೇಳಿದೆ. ಹೇಳುವಾಗ ಎರಡು ಕಡೆ ಕಾಲ ತಪ್ಪಿತು, ಒಂದು ಕಡೆ ಪದ ಸಿಗದೆ 'ದಟ್ ರೌಂಡ್ ಥಿಂಗ್' ಅಂದೆ. ಹಸಿರು ಹೋಗಿ ಕೆಂಪಾಯಿತು.

ಅವತ್ತು ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ನಮ್ಮ ನೆಂಟರೊಬ್ಬರ ಮನೆಯ ಮದುವೆ ಮಾತುಕತೆಯ ಸುದ್ದಿ ನನಗೆ ಸಿಕ್ಕಿತ್ತು. ಅವಳು ಎತ್ತಿದ ಕೂಡಲೇ "ಮದುವೆ ಮುರಿದುಬಿತ್ತು" ಅಂದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅಕ್ಕನಿಗೆ ಸಿಟ್ಟು ಬಂತು.

"ಏನೇ ಇದು, ಹೀಗಾ ಸುದ್ದಿ ಹೇಳೋದು? ಯಾರ್ಯಾರು ಬಂದಿದ್ರು, ಏನೇನು ಮಾತಾಯ್ತು, ಮಾತು ಎಲ್ಲಿ ತಪ್ಪಿತು, ಅದೆಲ್ಲ ಬಿಟ್ಟು ಮೊದಲೇ ಕೊನೆ ಹೇಳಿಬಿಟ್ರೆ ನಾನು ಕೇಳೋಕೆ ಏನು ಉಳೀತು? ಮೊದಲಿಂದ ಹೇಳು."

ಕುರ್ಚಿ ಎಳೆದುಕೊಂಡು ಕೂತು, ಮೊದಲಿಂದ ಶುರು ಮಾಡಿದೆ.